ಪಟಾಲಮ್ಮನ ಬಲಗಣ್ಣು

ದೊಡ್ಡೇರಿ ಸುತ್ತಮುತ್ತ ಯಾವ ಊರಿನಲ್ಲಿ ಬೇಕಾದರೂ ಕೇಳಿ, ಪಟಾಲಮ್ಮ ಹಲ್ಲು ಕೀಳಿಸಿಕೊಂಡು ಕಣ್ಣು ಕಳೆದುಕೊಂಡಳು ಅನ್ನುತ್ತಾರೆ. ಹೇಳುವವರಿಗೆ ಒಂದು ಚೂರೂ ಅನುಮಾನವಿಲ್ಲ. ಹಾಗಲ್ಲ ಅಂತ ನೀವು ವಾದಕ್ಕಿಳಿದರೆ, 'ಆಶಾ ಮೇಡಮ್ಮೇ ಹೇಳವ್ರೆ, ನಿಮಗೇನು ಗೊತ್ತು?' ಎಂದು ಬಾಯಿ ಮುಚ್ಚಿಸುತ್ತಾರೆ. ಆ ಆಶಾ ಮೇಡಮ್ಮು ನಾನೇ. ಹೆಸರು ಯಶೋಧರಾ. ಹದಿನಾಲ್ಕು ವರ್ಷದಿಂದ ದೊಡ್ಡೇರಿ ಪಕ್ಕದ ನಮ್ಮೂರಿನಲ್ಲಿ ಆಶಾ ಕಾರ್ಯಕರ್ತೆ. ಆ ಮಾತು ನಾನು ಹೇಳಿದ್ದು ನಿಜ. ಸುಳ್ಳು ಅಂತ ಗೊತ್ತಿದ್ದೇ ಹೇಳಿದೆ. ಯಾಕೆ ಹೇಳಿದೆ ಅನ್ನುವುದು ತಿಳಿಯಬೇಕಾದರೆ ಪಟಾಲಮ್ಮ ಎಂಥವಳು ಅನ್ನುವುದು ಗೊತ್ತಿರಬೇಕು.

ಅವಳ ತೌರು ಪಾವಗಡ ತಾಲ್ಲೂಕಿನ ತಿರುಮಣಿ. ಈಗ ಅಲ್ಲಿ ಹೊಲದ ತುಂಬ ಸೋಲಾರ್ ಹಲಗೆಗಳು. ಅವಳು ಹುಡುಗಿಯಾಗಿದ್ದಾಗ ಬರೀ ಕಡಲೆಕಾಯಿ, ಜಾಲಿ, ಮೇಕೆ. ಒಂಬತ್ತು ವರ್ಷದವಳಿದ್ದಾಗ ಮೇಕೆಗೆ ಜಾಲಿಕೊಂಬೆ ಬಗ್ಗಿಸಲು ಹೋಗಿ, ಅದು ಕೈಜಾರಿ ಚಿಮ್ಮಿ, ಮುಳ್ಳು ಎಡಗಣ್ಣಿಗೆ ಹೊಡೆಯಿತು. ಅವಳವ್ವ ಪಕ್ಕದ ಮನೆ ಬಾಣಂತಿಯಿಂದ ಎದೆಹಾಲು ಹಿಂಡಿಸಿದಳು. ತಿಂಗಳೊಳಗೆ ಕಣ್ಣಿನಲ್ಲಿ ಬಿಳಿ ಹೂ ಬಿತ್ತು. ಅಲ್ಲಿಂದ ಆಚೆಗೆ ಅವಳಿಗೆ ಇದ್ದದ್ದು ಬಲಗಣ್ಣು ಒಂದೇ. ಊರವರು ಒಕ್ಕಣ್ಣಿ ಅಂತಲೇ ಕರೆದರು, ಒಕ್ಕಣ್ಣಿ ಅಂತಲೇ ಎರಡನೇ ಸಂಬಂಧಕ್ಕೆ ಕೊಟ್ಟು ನಮ್ಮೂರಿಗೆ ಕಳಿಸಿದರು. ಆ ಗಂಡನೂ ಮಗ ನರಸಿಂಹರಾಜು ಐದನೇ ಕ್ಲಾಸಿನಲ್ಲಿದ್ದಾಗ ಕಾಮಾಲೆ ಬಂದು ಸತ್ತ.

ಅವಳು ಅಳುತ್ತ ಕೂರಲಿಲ್ಲ. ಮಧುಗಿರಿಯ ಕಡಲೆಕಾಯಿ ಮಿಲ್ಲಿಗೆ ಬೀಜ ಆರಿಸುವ ಕೆಲಸಕ್ಕೆ ಸೇರಿಕೊಂಡಳು. ಸುಲಿದ ಬೀಜ ಉದ್ದನೆಯ ಮೇಜಿನ ಮೇಲೆ ಹರಿದು ಬರುತ್ತದೆ, ಎರಡೂ ಕಡೆ ಹೆಂಗಸರು ಕೂತು ಮುಗ್ಗಲು, ಸುಕ್ಕು, ಹೋಳು, ಕಲ್ಲು ಎಲ್ಲವನ್ನೂ ಆರಿಸಿ ಎಸೆಯಬೇಕು. ಕಣ್ಣು ಆ ಕಡೆ ಈ ಕಡೆ ಹೋಗುವ ಹಾಗಿಲ್ಲ. ಅಲ್ಲಿನ ಮೇಸ್ತ್ರಿ ತಿಮ್ಮರಾಯಪ್ಪ ಯಾವಾಗಲೂ ಇವಳನ್ನು ಸಾಲಿನ ಕೊನೆಗೆ ಕೂರಿಸುತ್ತಿದ್ದ. 'ಎರಡು ಕಣ್ಣಿನೋರು ಬುಟ್ಟಿದ್ದನ್ನ ಈ ಒಕ್ಕಣ್ಣಿ ಹಿಡೀತಾಳೆ ಕಣ್ರಮ್ಮ, ನಾಚ್ಕೆ ಆಗಲ್ವಾ ನಿಮ್ಗೆ?' ಎಂದು ಉಳಿದವರನ್ನು ಬಯ್ಯುತ್ತಿದ್ದ. ಪಟಾಲಮ್ಮ ತಲೆಯೆತ್ತದೆ, 'ದೇವ್ರು ಒಂದೇ ಕೊಟ್ರೂ ಸೋಸಿ ಕೊಟ್ಟವ್ನೆ ಮೇಸ್ತ್ರಿ, ನಿನ್ನಂಗೆ ಎರಡು ಕೊಟ್ಟು ಮೋಸ ಮಾಡಿಲ್ಲ' ಅನ್ನುತ್ತಿದ್ದಳು. ಹತ್ತೊಂಬತ್ತು ವರ್ಷ ಆ ಒಂದು ಕಣ್ಣಿನಲ್ಲಿ ಮಗನನ್ನು ಓದಿಸಿದಳು, ಮನೆಗೆ ತಾರಸಿ ಹಾಕಿಸಿದಳು, ಅನುಷಾ ಅನ್ನುವ ಒಳ್ಳೆ ಹುಡುಗಿಯನ್ನು ಸೊಸೆ ಮಾಡಿಕೊಂಡಳು.

ನನಗೂ ಅವಳಿಗೂ ರಕ್ತಸಂಬಂಧವಿಲ್ಲ, ಒಂದೇ ಬೀದಿ. ನಾನು ಅಕ್ಕ ಅನ್ನುತ್ತಿದ್ದೆ. ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ತಿಂಗಳು ತಿಂಗಳು ನಾನು ಮಾತ್ರೆ ತಂದುಕೊಟ್ಟರೆ ನೆನಪಾದ ದಿನ ನುಂಗುತ್ತಿದ್ದಳು. ಅದಕ್ಕೂ ನಾನು ಕೂಗಾಡುತ್ತಿದ್ದೆ. ನನ್ನ ಬಾಯಿ ಸ್ವಲ್ಪ ಜೋರು, ಅದು ಊರಿಗೇ ಗೊತ್ತಿರುವ ವಿಷಯ.

ಹೋದ ವರ್ಷ ಸಂಕ್ರಾಂತಿ ಹೊತ್ತಿಗೆ ಅವಳ ಬಲಗಡೆ ಮೇಲಿನ ದವಡೆ ಹಲ್ಲು ನೋಯಲು ಶುರುವಾಯಿತು. ತೂತು ಬಿದ್ದು ಎಷ್ಟು ವರ್ಷವಾಗಿತ್ತೋ, ವಸಡಿನವರೆಗೆ ಮುರಿದು ಬರೀ ಬೇರು ನಿಂತಿತ್ತು. ಲವಂಗ ಕಚ್ಚಿದಳು, ಹೊಗೆಸೊಪ್ಪು ಒತ್ತಿಕೊಂಡಳು. ಯಾರೋ ಹೇಳಿದರೆಂದು ಎಕ್ಕದ ಹಾಲು ಬಿಟ್ಟುಕೊಂಡು ಕೆನ್ನೆಯ ಒಳಗಡೆಯೆಲ್ಲ ಸುಟ್ಟುಕೊಂಡಳು. ಹದಿನೈದು ದಿನ ಹೀಗೆ ಒದ್ದಾಡಿದ ಮೇಲೆ ನೋವು ನಿಂತುಹೋಯಿತು.

'ವಾಸಿ ಆಯ್ತು ಕಣಮ್ಮಿ, ಸುಮ್ನೆ ಡಾಕ್ಟ್ರು ಡಾಕ್ಟ್ರು ಅಂತ ಬಡ್ಕೊತಿದ್ದೆ' ಎಂದು ನನ್ನನ್ನು ಆಡಿಕೊಂಡಳು.

ಅದು ವಾಸಿಯಾದದ್ದಲ್ಲ. ಹಲ್ಲಿನ ಒಳಗಿನ ನರ ಸತ್ತುಹೋಗಿತ್ತು, ಅದಕ್ಕೇ ನೋವು ಗೊತ್ತಾಗುತ್ತಿರಲಿಲ್ಲ. ನರ ಸತ್ತರೂ ಹುಳುಕು ಸಾಯುವುದಿಲ್ಲ, ಬೇರಿನ ತುದಿಗೆ ಇಳಿದು ಅಲ್ಲಿ ಕೀವು ಕಟ್ಟುತ್ತದೆ. ನೋವು ನಿಂತ ಹಲ್ಲಿಗೇ ಹೆಚ್ಚು ಹೆದರಬೇಕು ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾನು ಅವಳಿಗೆ ಅದನ್ನೇ ಹೇಳಿದೆ. ಗೋಡೆಗೆ ಹೇಳಿದ ಹಾಗಾಯಿತು.

ಶಿವರಾತ್ರಿ ಕಳೆದು ವಾರಕ್ಕೆ ಅವಳ ಬಲಗೆನ್ನೆ ಊದಿಕೊಂಡಿತು. ಕಣ್ಣಿನ ಕೆಳಗೆ ಬಿಗಿದುಕೊಂಡು ಹೊಳೆಯುತ್ತಿತ್ತು. ಅವತ್ತು ನಾನು ಮಾತಿಗೆ ಅವಕಾಶವನ್ನೇ ಕೊಡಲಿಲ್ಲ, ರಟ್ಟೆ ಹಿಡಿದು ಬಸ್ಸು ಹತ್ತಿಸಿ ಮಧುಗಿರಿಯ ಹಲ್ಲಿನ ಡಾಕ್ಟರು ಲೋಹಿತಾ ಅವರ ಹತ್ತಿರ ಕರೆದುಕೊಂಡು ಹೋದೆ. ಅವರು ತಾಳ್ಮೆಯ ಹೆಂಗಸು. ಎಕ್ಸ್‌ರೇ ತೆಗೆದು, ಬೇರಿನ ತುದಿಯಲ್ಲಿದ್ದ ಕಪ್ಪು ಮಚ್ಚೆ ತೋರಿಸಿ ಹೇಳಿದರು.

'ನೋಡಿ ಅಮ್ಮ, ಇದು ಕೀವಿನ ಚೀಲ. ಹಲ್ಲು ಉಳಿಸೋಣ ಅಂದ್ರೆ ಮೇಲೆ ಏನೂ ಉಳಿದಿಲ್ಲ. ತೆಗೆದುಬಿಟ್ರೆ ಕೀವು ಹೊರಗೆ ಬರುತ್ತೆ. ತೆಗೀದೆ ಬಿಟ್ರೆ ಅದು ತಾನೇ ಎಲ್ಲಾದ್ರೂ ದಾರಿ ಮಾಡ್ಕೊಳ್ಳುತ್ತೆ. ನಿಮಗೆ ಸಕ್ಕರೆ ಬೇರೆ ಇದೆ. ಕಣ್ಣಿನ ಕಡೆಗೂ ಹೋಗಬಹುದು.'

ಪಟಾಲಮ್ಮ ನನ್ನ ಮುಖ ನೋಡಿದಳು. ಅವಳವ್ವ ತೆಲುಗಿನಲ್ಲಿ ಒಂದು ಮಾತು ಹೇಳುತ್ತಿದ್ದಳಂತೆ, 'ಪೈ ಪನ್ನು ಪೀಕಿತೆ ಕನ್ನು ಪೋತುಂದಿ' ಎಂದು. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ. ತಿರುಮಣಿಯಲ್ಲಿ ಮಾತ್ರ ಅಲ್ಲ, ಶಿರಾ, ಕೊರಟಗೆರೆ, ನಮ್ಮೂರು, ಎಲ್ಲ ಕಡೆಯೂ ಜನ ಇದನ್ನು ನಂಬುತ್ತಾರೆ. ಎರಡು ಕಣ್ಣಿರುವವರೇ ನಂಬಿ ಹೆದರುತ್ತಾರೆ, ಒಂದೇ ಇರುವವಳಿಗೆ ಯಾವ ಬಾಯಲ್ಲಿ ದಡ್ಡಿ ಅನ್ನುವುದು?

'ಹಲ್ಲಿನ ನರ ಬೇರೆ, ಕಣ್ಣು ಕಾಣಿಸೋ ನರ ಬೇರೆ ಅಮ್ಮ' ಎಂದರು ಡಾಕ್ಟರು.

'ಬೇರೆ ಅಂತೀರ, ಕೀವು ಹೋಗಾಕೆ ದಾರಿ ಐತೆ ಅಂತಾನೂ ಅಂತೀರ' ಎಂದಳು ಪಟಾಲಮ್ಮ. 'ದಾರಿ ಇದ್ಮೇಲೆ, ನೀವು ಇಲ್ಲಿ ಹಿಡಿದು ಎಳೆದ್ರೆ ಅಲ್ಲಿ ಅಲ್ಲಾಡಲ್ವಾ ತಾಯಿ?'

ಡಾಕ್ಟರು ನಗಲಿಲ್ಲ. ಮತ್ತೆ ಮೊದಲಿನಿಂದ ತಿಳಿಸಿ ಹೇಳಿದರು. ಅವಳು ಹೂಂ ಅಂದಳು, ಕುರ್ಚಿಯಲ್ಲಿ ಒರಗಿದಳು, ಕೊರಳಿಗೆ ನೀಲಿ ಹಾಳೆಯನ್ನೂ ಕಟ್ಟಿಸಿಕೊಂಡಳು. ಡಾಕ್ಟರು ಸೂಜಿಗೆ ಮದ್ದು ತುಂಬಲು ಅತ್ತ ತಿರುಗಿದ್ದೇ ತಡ, ದಡಕ್ಕನೆ ಎದ್ದು ಹೊರಟೇಬಿಟ್ಟಳು. ನಾನು ಚಪ್ಪಲಿ ಮೆಟ್ಟಿಕೊಂಡು ಹಿಂದೆ ಓಡುವಷ್ಟರಲ್ಲಿ ಬಸ್‌ಸ್ಟಾಂಡಿನಲ್ಲಿ ನಿಂತಿದ್ದಳು, ಕೊರಳಿನಲ್ಲಿ ಆ ನೀಲಿ ಹಾಳೆ ಇನ್ನೂ ಹಾಗೇ ಇತ್ತು. ಜನ ನೋಡುತ್ತಿದ್ದರು. ನನಗೆ ಎಲ್ಲಿತ್ತೋ ಸಿಟ್ಟು.

'ಮಾನ ಮರ್ವಾದೆ ಐತೇನಕ್ಕ ನಿನಗೆ? ಒಂದು ದಿನದ ಕೆಲ್ಸ ಬುಟ್ಟು ಬಂದಿದ್ದೀನಿ. ಹೋಗು, ನಿನ್ ಹಲ್ಲು ಕಟ್ಕಂಡು ನೀನೇ ಸಾಯಿ!'

ಬಸ್‌ಸ್ಟಾಂಡಿನ ನಡುವೆ ನಿಂತು ಹಾಗಂದೆ. ಅವಳು ಹಾಳೆ ಬಿಚ್ಚಿ ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. ನಾನು ವಾಪಸ್ ಹೋಗಿ, ಡಾಕ್ಟರ ಕೈಕಾಲು ಹಿಡಿದು, ಏಳು ದಿನದ ಮಾತ್ರೆ ಬರೆಸಿಕೊಂಡು ಬಂದು ಅವಳ ಮಡಿಲಿಗೆ ಎಸೆದೆ. ಮಾತ್ರೆ ಬರೀ ತಡೆ ಹಾಕುತ್ತದೆ, ವಾರದೊಳಗೆ ಬಂದು ಹಲ್ಲು ತೆಗೆಸಲೇಬೇಕು ಎಂದು ಡಾಕ್ಟರು ಹೇಳಿದ್ದರು. ಅದನ್ನೂ ಅವಳಿಗೆ ಹೇಳಿದೆ. ಆಮೇಲೆ ನಾನು ಅವಳ ಮನೆಯ ಕಡೆ ತಲೆ ಹಾಕಲಿಲ್ಲ. ಮೂರು ವಾರ ಅದೇ ಬೀದಿಯಲ್ಲಿ ಓಡಾಡಿಕೊಂಡು, ಅವಳ ಮನೆ ಬಂದಾಗ ಮುಖ ಆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದೆ. ಬುದ್ಧಿ ಕಲಿಯಲಿ ಅಂತ.

ಎರಡು ದಿನ ಮಾತ್ರೆ ನುಂಗಿದಾಗ ಬಾವು ಇಳಿಯಿತಂತೆ. ಇಳಿಯಿತಲ್ಲ ಎಂದು ಉಳಿದ ಮಾತ್ರೆಗಳನ್ನು, ಮುಂದೆ ಯಾರಿಗಾದರೂ ಆಗುತ್ತದೆ ಅಂತ, ಡಬ್ಬಿಗೆ ಹಾಕಿ ಎತ್ತಿಟ್ಟಳಂತೆ. ಯುಗಾದಿಗೆ ನಾಲ್ಕು ದಿನ ಇದ್ದಾಗ ಮತ್ತೆ ಊದಿತು. ಅವಳು ಉಪ್ಪಿನ ಗಂಟು ಹೆಂಚಿನ ಮೇಲೆ ಬಿಸಿ ಮಾಡಿ ಕೆನ್ನೆಗೆ ಶಾಖ ಕೊಟ್ಟುಕೊಂಡಳು. ಒಳಗೆ ಕೀವಿರುವಾಗ ಹೊರಗಿನಿಂದ ಶಾಖ ಕೊಟ್ಟರೆ ಬಾವು ಹರಡಿಕೊಳ್ಳುತ್ತದೆ, ಕೊಡಬೇಡಿ ಎಂದು ಡಾಕ್ಟರು ಹೇಳಿದ್ದರು. ನಾನು ಹೋಗಿದ್ದರೆ ಆ ಗಂಟನ್ನು ಕಿತ್ತು ಬೀದಿಗೆ ಎಸೆಯುತ್ತಿದ್ದೆ. ನಾನು ಹೋಗಲಿಲ್ಲ.

ಹಬ್ಬದ ದಿನ ಬೆಳಿಗ್ಗೆ ನರಸಿಂಹರಾಜು ಬರಿಗಾಲಲ್ಲಿ ಓಡಿ ಬಂದ. 'ಯಶೋಧಕ್ಕ, ಅವ್ವನ್ ಕಣ್ಣು ಹೊರಕ್ಕೆ ಬಂದ್ಬುಟ್ಟೈತೆ!'

ನಾನು ನೋಡಿದ್ದನ್ನು ಪೂರ್ತಿ ಬರೆಯಲಾರೆ. ರೆಪ್ಪೆ ಬದನೆಕಾಯಿ ಹಾಗೆ ಊದಿ ಮುಚ್ಚಿಕೊಂಡಿತ್ತು, ಗುಡ್ಡೆ ಒಳಗಿನಿಂದ ಯಾರೋ ನೂಕಿದ ಹಾಗೆ ಮುಂದೆ ಬಂದಿತ್ತು. ಮೈ ಕಾದು ನಡುಗುತ್ತಿತ್ತು. ನೂರೆಂಟಕ್ಕೆ ಫೋನು ಮಾಡಿದೆ. ಆಂಬುಲೆನ್ಸು ಕೊರಟಗೆರೆ ದಾಟುವಾಗ ಅವಳು ನನ್ನ ಕೈ ಹುಡುಕಿ ಹಿಡಿದುಕೊಂಡಳು.

'ಸಿಟ್ಟು ಹೋಯ್ತೇನಮ್ಮಿ?' ಎಂದಳು. ಆಮೇಲೆ, 'ಮುಚ್ಕಂಡೈತೆ ಅಷ್ಟೆ. ಬಾವು ಇಳಿದ್ರೆ ತೆರ್ಕಂತೈತೆ, ಅಲ್ವಾ?'

'ತೆರ್ಕಂತೈತೆ ಅಕ್ಕ.'

ತುಮಕೂರಿನಲ್ಲಿ ನೋಡಿ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಎರಡು ಬೆರಳಿನಿಂದ ಅವಳ ರೆಪ್ಪೆ ಬಿಡಿಸಿ, ಟಾರ್ಚನ್ನು ಕಣ್ಣಿನ ಹತ್ತಿರಕ್ಕೇ ಹಿಡಿದರು. ಆ ಬೆಳಕು ಎಷ್ಟಿತ್ತೆಂದರೆ ಪಕ್ಕದಲ್ಲಿದ್ದ ನಾನೇ ಕಣ್ಣು ಕಿರಿದು ಮಾಡಿಕೊಂಡೆ.

'ಲೈಟು ಕಾಣ್ತಿದೆಯಾ ಅಮ್ಮ?'

'ಇನ್ನೂ ಹಾಕಿಲ್ವಲ್ಲ ಸಾಮಿ' ಎಂದಳು ಪಟಾಲಮ್ಮ.

ಹಲ್ಲು ಆಗ ಇನ್ನೂ ಅವಳ ಬಾಯಲ್ಲೇ ಇತ್ತು. ಅದನ್ನು ತೆಗೆದದ್ದು ಅವತ್ತು ಮಧ್ಯಾಹ್ನ, ಕಣ್ಣಿನ ಹಿಂದಿನ ಕೀವು ಹೊರಗೆ ಬಿಟ್ಟ ಆಪರೇಷನ್ನಿನಲ್ಲಿ. ಕೀವು ದವಡೆಯಿಂದ ಮೇಲಕ್ಕೆ ಹತ್ತಿ, ಕಣ್ಣಿನ ಹಿಂದೆ ತುಂಬಿ, ಕಾಣಿಸುವ ನರವನ್ನು ಅದುಮಿ ಕೊಂದಿತ್ತು. ಒಂದು ದಿನ ತಡವಾಗಿದ್ದರೆ ಮಿದುಳಿಗೆ ಹೋಗಿ ಪ್ರಾಣವೂ ಹೋಗುತ್ತಿತ್ತು, ಮೂರು ವಾರ ಮೊದಲು ಹಲ್ಲು ತೆಗೆಸಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ಆ ಡಾಕ್ಟರು ನನಗೂ ನರಸಿಂಹರಾಜುಗೂ ಹೇಳಿದರು. ಅವ್ವನಿಗೆ ಇದನ್ನು ಹೇಳಬೇಡ ಎಂದು ಅವನು ನನಗೆ ಕೈ ಮುಗಿದ.

ಇಪ್ಪತ್ತೆರಡು ದಿನದ ಮೇಲೆ ಊರಿಗೆ ಕರೆದುಕೊಂಡು ಬಂದೆವು. ಮನೆಯೊಳಗೆ ಹೋದವಳು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಅನುಷಾ ಮುದ್ದೆ ಮಾಡಿ ಬಾಯಿಗಿಟ್ಟರೂ ತುಟಿ ಬಿಚ್ಚಲಿಲ್ಲ. ಒಂದು ದಿನ, ಎರಡು ದಿನ, ಮೂರು ದಿನ. ಸಕ್ಕರೆ ಇಳಿದು ಮೈ ತಣ್ಣಗೆ ಬೆವರುತ್ತಿತ್ತು. ನಾಲ್ಕನೇ ದಿನ ನಾನು ಹೋಗಿ ಪಕ್ಕದಲ್ಲಿ ಕೂತೆ.

'ಯಶೋಧಾ, ಒಂದ್ ಮಾತು ಕೇಳ್ತೀನಿ, ನಿಜ ಹೇಳು' ಎಂದಳು. 'ಅವತ್ತು ಮಧುಗಿರೀಲಿ ನಾನು ಎದ್ದು ಬರ್ದೆ ಕೀಳಿಸ್ಕಂಡಿದ್ರೆ ಕಣ್ಣು ಉಳೀತಿತ್ತಾ? ನನ್ ಕಣ್ಣ ನಾನೇ ಕಳ್ಕಂಡ್ನಾ?'

ಅನುಷಾ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ಹೌದು ಅನ್ನಲು ನನಗೆ ಬಾಯಿ ಬರಲಿಲ್ಲ. ಸಾಯಿ ಅಂದಿದ್ದೂ ಇದೇ ಬಾಯಿ. ಎಲುಬಿಲ್ಲದ ನಾಲಿಗೆ, ಈ ಸಲ ಇನ್ನೊಂದು ಕಡೆಗೆ ಹೊರಳಿತು.

'ಇಲ್ಲ ಕಣಕ್ಕ, ನಿನ್ ತಪ್ಪೇನೂ ಇಲ್ಲ. ಬೆಂಗ್ಳೂರಲ್ಲಿ ಹಲ್ಲು ಕಿತ್ರಲ್ಲ, ಅದಕ್ಕೇ ಹೋಯ್ತು. ನಿಮ್ಮವ್ವ ಹೇಳ್ತಿದ್ದಿದ್ದೇ ನಿಜ ಆಯ್ತು.'

ಅವಳು ಗೋಡೆ ಬಿಟ್ಟು ನನ್ನ ಕಡೆ ತಿರುಗಿದಳು. ಆಮೇಲೆ, 'ನೋಡಿದ್ಯಾ, ನಾನು ಹೇಳಿದ್ರೆ ನೀವ್ಯಾರೂ ಕೇಳ್ನಿಲ್ಲ' ಎಂದಳು. ಎದ್ದು ಕೂತು ಕೈ ಚಾಚಿದಳು. ಅವತ್ತು ಅರ್ಧ ಮುದ್ದೆ ಉಂಡಳು. ನಾನು ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಮೇಲಿನದು ಕೇಳಬೇಡಿ. ಜಗುಲಿಯ ಮೇಲೆ ಅವಳು ಕೂತಿರುತ್ತಿದ್ದಳು, ಹೋಗುವವರು ಬರುವವರು ನಿಂತು ಮಾತಾಡಿಸುತ್ತಿದ್ದರು, ಅವಳು ಅದನ್ನೇ ಹೇಳುತ್ತಿದ್ದಳು. ಹಲ್ಲು ನೋವು ಬಂದವರು ಬೇರೆ ಊರಿನಿಂದಲೂ ಬಂದು ಅವಳನ್ನು ಕೇಳಿಕೊಂಡು ಹೋಗತೊಡಗಿದರು. 'ಪ್ರಾಣ ಹೋದ್ರೂ ಕೀಳಿಸ್ಬ್ಯಾಡ, ನನ್ ಮಕ ನೋಡು' ಎನ್ನುವಳು. ದೊಡ್ಡೇರಿಯಲ್ಲಿ ಹಲ್ಲಿನ ಶಿಬಿರ ಮಾಡಿದಾಗ ನಾನು ಮನೆ ಮನೆಗೆ ಚೀಟಿ ಕೊಟ್ಟು ಬಂದೆ. ನಮ್ಮೂರಿನಿಂದ ಒಬ್ಬರೂ ಬರಲಿಲ್ಲ. 'ಹೇಳೋದೊಂದು ಮಾಡೋದೊಂದು ಯಾಕ್ ಮೇಡಮ್ಮು? ಪಟಾಲಮ್ಮಂಗೆ ನೀವೇ ಹೇಳಿದ್ರಂತಲ್ಲ' ಎಂದು ನನ್ನ ಮುಖಕ್ಕೇ ಹೇಳಿದರು. ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಉಗುಳಿದರೆ ಅವಳು ಮತ್ತೆ ಗೋಡೆ ಕಡೆ ತಿರುಗುತ್ತಾಳೆ. ಹಾಗಾಗಿ ನುಂಗಿಕೊಂಡೇ ಇದ್ದೆ.

ಶ್ರಾವಣದಲ್ಲಿ ಅನುಷಾ ಎರಡು ದಿನ ನಲ್ಲಿ ಹತ್ತಿರ ಕಾಣಲಿಲ್ಲ. ಹೋಗಿ ನೋಡಿದರೆ ಸೆರಗಿನಿಂದ ಮುಖ ಮುಚ್ಚಿಕೊಂಡು ಪಾತ್ರೆ ತೊಳೆಯುತ್ತಿದ್ದಳು. ಸೆರಗು ಸರಿಸಿದೆ. ಎಡಗೆನ್ನೆ ಊದಿ ಕಣ್ಣಿನ ಕೆಳಗಿನವರೆಗೂ ಬಂದಿತ್ತು. ಬಾಯಿ ಬಿಡಿಸಿ ನೋಡಿದೆ, ಮೇಲಿನ ಹಲ್ಲು, ಪಟಾಲಮ್ಮನದರ ಹಾಗೇ ಮುರಿದ ಬೇರು.

'ಎಷ್ಟು ದಿನದಿಂದ ಐತೆ?'

'ಐದು ದಿನ ಆಂಟಿ. ಅತ್ತೆ ಉಪ್ಪಿನ್ ಶಾಖ ಕೊಟ್ಕೋ ಅಂದ್ರು.'

'ನಡಿ ಈಗ್ಲೇ, ಮಧುಗಿರಿಗೆ.'

ಅವಳು ಎರಡು ಹೆಜ್ಜೆ ಹಿಂದಕ್ಕೆ ಸರಿದಳು. 'ಬ್ಯಾಡ ಆಂಟಿ, ಕೈ ಮುಗೀತೀನಿ. ನನಗೂ ಕಣ್ಣು ಹೋದ್ರೆ ಅತ್ತೇನ ಯಾರು ನೋಡ್ಕಂತಾರೆ? ನೀವು ಹೇಳಿದಾಗ ನಾನೂ ಅಲ್ಲೇ ನಿಂತಿದ್ನಲ್ಲ.'

ಅವಳಿಗೆ ಇನ್ನೂ ಇಪ್ಪತ್ತನಾಲ್ಕು ವರ್ಷ. ನಾನು ನೇರವಾಗಿ ಜಗುಲಿಗೆ ಹೋಗಿ ಪಟಾಲಮ್ಮನ ಎದುರಿಗೆ ಕುಕ್ಕರಿಸಿದೆ. ಅನುಷಾ ಹಿಂದೆಯೇ ಬಂದು ನಿಂತಳು.

'ಅಕ್ಕ, ನಾನು ನಿನಗೆ ಸುಳ್ಳು ಹೇಳಿದೆ.'

'ಏನು ಸುಳ್ಳು?'

'ಹಲ್ಲು ಕಿತ್ತಿದ್ದಕ್ಕೆ ಕಣ್ಣು ಹೋಗ್ಲಿಲ್ಲ. ಡಾಕ್ಟ್ರು ಟಾರ್ಚು ಬಿಟ್ಟಾಗ್ಲೇ ಹೋಗಿತ್ತು, ಆವಾಗ ಹಲ್ಲು ನಿನ್ ಬಾಯಲ್ಲೇ ಇತ್ತು. ಕೀಳಿಸ್ದೆ ಇದ್ದಿದ್ದಕ್ಕೇ ಹೋಗಿದ್ದು. ನೀನು ಊಟ ಬುಟ್ಟಿದ್ದೆ, ಅದಕ್ಕೆ ಅಂಗಂದೆ. ಈಗ ಅನುಷಾಗೂ ಅದೇ ಬಂದೈತೆ ಅಕ್ಕ, ಕೆನ್ನೆ ಊದೈತೆ, ಮುಟ್ಟಿ ನೋಡು.'

ಅವಳು ನನಗೆ ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಸೊಸೆಯನ್ನು ಹತ್ತಿರ ಕರೆದು ಕೆನ್ನೆ ಸವರಿದಳು. ಬೆರಳು ಬಾವಿನ ಮೇಲೆ ನಿಂತುಕೊಂಡವು.

'ಅವತ್ತು ಹೇಳಿದ್ದು ಸುಳ್ಳಾ, ಇವತ್ತು ಹೇಳ್ತಿರೋದು ಸುಳ್ಳಾ?' ಎಂದು ನನ್ನನ್ನು ಕೇಳಿದಳು.

'ಅವತ್ತಿಂದು.'

'ನನಗೆಂಗೆ ಗೊತ್ತಾಗಬೇಕು?'

ನರಸಿಂಹರಾಜು ಒಳಗಿನಿಂದ ಬಂದು, 'ಅಕ್ಕ ಹೇಳ್ತಿರೋದು ದಿಟ ಅವ್ವ, ನನಗೂ ಗೊತ್ತಿತ್ತು' ಎಂದ. ಆಗ ಅವಳು ಅನುಷಾಳ ಕೈ ಬಿಟ್ಟು, 'ಕರ್ಕಂಡ್ ಹೋಗಿ' ಎಂದಳು. ಅಷ್ಟೇ.

ಅವತ್ತೇ ಕರೆದುಕೊಂಡು ಹೋದೆವು. ಲೋಹಿತಾ ಡಾಕ್ಟರು ಮದ್ದು ಚುಚ್ಚಿ, ಹಲ್ಲು ತೆಗೆದು, ಕೀವು ಬಿಟ್ಟು, ಐದು ದಿನದ ಮಾತ್ರೆ ಕೊಟ್ಟು, ಇಳಿಯಲಿ ಬಿಡಲಿ ಪೂರ್ತಿ ನುಂಗಬೇಕು ಎಂದು ಹೇಳಿ ಕಳಿಸಿದರು. ಅರ್ಧ ಗಂಟೆಯ ಕೆಲಸ. ಆರನೇ ದಿನಕ್ಕೆ ಹುಡುಗಿಯ ಮುಖ ಮೊದಲಿನ ಹಾಗಾಗಿತ್ತು. ಅಷ್ಟು ದಿನವೂ ಪಟಾಲಮ್ಮ ಉಂಡಳು, ಮಲಗಿದಳು, ಕೇಳಿದ್ದಕ್ಕೆ ಹೂಂ ಊಹೂಂ ಅಂದಳು.

ಆರನೇ ದಿನ ಸಂಜೆ ನಾನು ಹೋದಾಗ ಅವಳು ಅನುಷಾಳನ್ನು ಎದುರಿಗೆ ಕೂರಿಸಿಕೊಂಡಿದ್ದಳು. ಎರಡೂ ಕೈಯಲ್ಲಿ ಸೊಸೆಯ ಮುಖ ಹಿಡಿದು, ಕೆನ್ನೆ, ರೆಪ್ಪೆ, ಹುಬ್ಬು ಎಲ್ಲ ತಡವಿ ನೋಡಿದಳು. ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಎಡಗಣ್ಣಿನ ಮುಂದೆ ತನ್ನ ಬೆರಳು ಹಿಡಿದಳು.

'ಎಷ್ಟೈತೆ?'

'ಮೂರು ಅತ್ತೆ.'

ಬೆರಳು ಬದಲಾಯಿಸಿದಳು. 'ಈಗ?'

'ಒಂದು.'

'ಸರಿಯಾಗಿ ಕಾಣ್ತೈತಾ? ಮಂಜು ಮಂಜಾಗಿ ಇಲ್ವಾ?'

'ಚೆನ್ನಾಗಿ ಕಾಣ್ತೈತೆ ಅತ್ತೆ' ಎಂದಳು ಅನುಷಾ, ಖುಷಿಯಿಂದ.

ಪಟಾಲಮ್ಮ ಕೈ ತೆಗೆದಳು. 'ಅಂಗಾದ್ರೆ ನಂದೂ ಉಳೀತಿತ್ತು' ಎಂದಳು. ಆಮೇಲೆ ಆ ಬೆರಳುಗಳಲ್ಲೇ ತನ್ನ ಹಣೆ ಚಚ್ಚಿಕೊಳ್ಳತೊಡಗಿದಳು, ನಾನೂ ಅನುಷಾನೂ ಇಬ್ಬರು ಸೇರಿ ಹಿಡಿದರೂ ನಿಲ್ಲಿಸಲಾಗಲಿಲ್ಲ.